ಸಿಲಿಕೋನ್‌ನಲ್ಲಿ ಬೆರೆಸಿದ ಸಾವಯವ ಪ್ರತಿದೀಪ್ತ ಬಣ್ಣಗಳು: ಎಲ್‌ಇಡಿ ದೀಪದ ಮುಂದೆ ಇವು ಎಷ್ಟು ಕಾಲ ಬಾಳುತ್ತವೆ?

ಬೆಳಕಿನಂಗಡಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಅಂಗಡಿಗಳಿಗೆ ಎಲ್‌ಇಡಿ ದೀಪಗಳನ್ನು ಜೋಡಿಸಿಕೊಡುವುದು ನನ್ನ ಕೆಲಸ, ಓದಿದ್ದು ರಸಾಯನಶಾಸ್ತ್ರ. ಸೀರೆ ಅಂಗಡಿಯವರಿಂದ ಪದೇ ಪದೇ ಬರುವ ಒಂದು ದೂರು ಈ ಪ್ರಶ್ನೆಗೆ ಕಾರಣ. ಇಳಕಲ್ ಸೀರೆಯ ಸೆರಗಿನ ಕೆಂಪು ಹಗಲಿನ ಬೆಳಕಿನಲ್ಲಿ ಕಳೆಕಳೆಯಾಗಿ ಕಾಣುತ್ತದೆ. ಅದೇ ಸೆರಗನ್ನು ಅಂಗಡಿಯ ಎಲ್‌ಇಡಿ ಪಟ್ಟಿಯ ಕೆಳಗೆ ಹಿಡಿದರೆ ಕಂದು ಬೆರೆತಂತೆ ಮಂಕಾಗುತ್ತದೆ. ಗಿರಾಕಿಗಳು ಸೀರೆಯನ್ನು ಹಿಡಿದುಕೊಂಡು ಬಾಗಿಲಿನವರೆಗೆ ಹೋಗಿ ನೋಡಿ ಬರುತ್ತಾರೆ.

ಕಾರಣ ಇಲ್ಲಿನ ಬಹುತೇಕರಿಗೆ ಗೊತ್ತೇ ಇದೆ. 1996ರಲ್ಲಿ ಜಪಾನಿನ ನಿಚಿಯಾ ಕಂಪನಿ ಮಾರುಕಟ್ಟೆಗೆ ತಂದ ಬಿಳಿ ಎಲ್‌ಇಡಿಯ ಸೂತ್ರವೇ ಇಂದಿಗೂ ಅಗ್ಗದ ಪಟ್ಟಿಗಳಲ್ಲಿ ಮುಂದುವರಿದಿದೆ. ಸುಮಾರು 450 ನ್ಯಾನೊಮೀಟರ್ ತರಂಗಾಂತರದ ನೀಲಿ ಚಿಪ್, ಅದರ ಮೇಲೆ ಸೀರಿಯಂ ಬೆರೆಸಿದ ಯಾಗ್ ಫಾಸ್ಫರ್, ಅಂದರೆ ನೀಲಿಯನ್ನು ಹೀರಿ ಹಳದಿಯಾಗಿ ಬೆಳಗುವ ಪುಡಿ. ಈ ಫಾಸ್ಫರಿನ ಹಳದಿ 550ರ ಆಸುಪಾಸಿನಲ್ಲಿ ಶಿಖರ ಮುಟ್ಟಿ, 600 ದಾಟಿದ ಮೇಲೆ ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ) 80 ಎಂದು ಬರೆದಿದ್ದರೂ, ಗಾಢ ಕೆಂಪನ್ನು ಅಳೆಯುವ ಆರ್9 ಅಂಕ ಸೊನ್ನೆಯ ಹತ್ತಿರವೇ ಇರಬಹುದು.

ನನ್ನ ಆಲೋಚನೆ ಹೀಗಿದೆ. ಪೆರಿಲೀನ್ ವರ್ಗದ ಕೆಂಪು ಪ್ರತಿದೀಪ್ತ ಬಣ್ಣವನ್ನು ಎರಡು ಭಾಗಗಳ ಪಾರದರ್ಶಕ ಸಿಲಿಕೋನ್‌ನಲ್ಲಿ ಕರಗಿಸಿ, 1 ಮಿಲಿಮೀಟರ್ ದಪ್ಪದ ಹಾಳೆಯಾಗಿ ಎರಕ ಹೊಯ್ದು, ಎಲ್‌ಇಡಿ ಪಟ್ಟಿ ಕೂರುವ ಅಲ್ಯೂಮಿನಿಯಂ ಪ್ರೊಫೈಲ್‌ನಲ್ಲಿ ಹಾಲುಬಣ್ಣದ ಮುಚ್ಚಳ ಕೂರುವ ಜಾಗದಲ್ಲಿ ಜಾರಿಸಿ ಕೂರಿಸುವುದು. ಹಾಳೆಯು ನೀಲಿಯ ಮತ್ತು ಹಳದಿಯ ಒಂದು ಪಾಲನ್ನು ಹೀರಿ ಕೆಂಪಾಗಿ ಹೊರಸೂಸಬೇಕು. ಅಂಗೈಯಗಲದ ಒಂದು ಮಾದರಿಯನ್ನು ಮಾಡಿಯೂ ನೋಡಿದ್ದೇನೆ. ನೀಲಿ ಟಾರ್ಚ್ ಹಿಡಿದರೆ ಹಾಳೆ ಸೊಗಸಾಗಿ ಹೊಳೆಯುತ್ತದೆ, ಆದರೆ ಮುಖಕ್ಕಿಂತ ಅಂಚುಗಳೇ ಹೆಚ್ಚು ಪ್ರಖರವಾಗಿವೆ. ಕತ್ತರಿಯಿಂದ ಒಂದು ಗೀರು ಹಾಕಿದಾಗ ಆ ಗೀರು ಕೂಡ ಕೆಂಪು ಗೆರೆಯಾಗಿ ಬೆಳಗಿತು.

ನನ್ನ ಪ್ರಶ್ನೆಗಳು ಮೂರು. ಈ ಅಂಚಿನ ಹೊಳಪು ನಷ್ಟವೇ? ಸಿಲಿಕೋನ್ ಈ ಬಣ್ಣಗಳಿಗೆ ತಕ್ಕ ಮನೆಯೇ, ಅಥವಾ ಅಕ್ರಿಲಿಕ್ ಉತ್ತಮವೇ? ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಯುವ ದೀಪದ ಮುಂದೆ ಇಂಥ ಬಣ್ಣ ವರ್ಷಗಟ್ಟಲೆ ಉಳಿದೀತೇ?

ಅಣುಬಂಧ

ಪ್ರಶ್ನೆಯನ್ನು ಚೆನ್ನಾಗಿ ಕೇಳಿದ್ದೀರಿ. ನಾನು ಪಾಲಿಮರ್ ರಸಾಯನದಲ್ಲಿ ಸಂಶೋಧನೆ ಮಾಡುವವಳು. ತಿಳಿದಷ್ಟನ್ನು ವಿವರವಾಗಿಯೇ ಬರೆಯುತ್ತೇನೆ.

ಮೊದಲು ಅಂಚಿನ ಹೊಳಪು. ಬಣ್ಣದ ಅಣು ಹೀರಿದ ಬೆಳಕನ್ನು ಬಂದ ದಿಕ್ಕಿನಲ್ಲಿಯೇ ಹೊರಬಿಡುವುದಿಲ್ಲ, ಎಲ್ಲ ದಿಕ್ಕುಗಳಿಗೂ ಚೆಲ್ಲುತ್ತದೆ. ಮೀಥೈಲ್ ಸಿಲಿಕೋನ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.41. ಈ ಸಂಖ್ಯೆಯಿಂದ ಲೆಕ್ಕ ಹಾಕಿದರೆ, ನುಣುಪಾದ ಚಪ್ಪಟೆ ಹಾಳೆಯೊಳಗೆ ಹುಟ್ಟಿದ ಬೆಳಕಿನಲ್ಲಿ ಸುಮಾರು 70 ಶೇಕಡ ಎರಡು ಮುಖಗಳ ನಡುವೆ ಪೂರ್ಣ ಪ್ರತಿಫಲನಗೊಳ್ಳುತ್ತಾ ಅಂಚಿನ ಕಡೆಗೆ ಹರಿಯುತ್ತದೆ. 1976ರಲ್ಲಿ ವೆಬರ್ ಮತ್ತು ಲ್ಯಾಂಬ್ ಎಂಬ ವಿಜ್ಞಾನಿಗಳು ಪ್ರತಿದೀಪ್ತ ಹಾಳೆಯಿಂದ ಸೂರ್ಯನ ಬೆಳಕನ್ನು ಅಂಚಿಗೆ ಒಟ್ಟುಗೂಡಿಸಿ ಸೌರಕೋಶಕ್ಕೆ ಉಣಿಸಬಹುದೆಂದು ಸೂಚಿಸಿದ್ದು ಇದೇ ಗುಣವನ್ನು ನೆಚ್ಚಿ. ಅಲ್ಲಿ ಬೇಕಾದದ್ದು ದೀಪಕ್ಕೆ ಬೇಡವಾದದ್ದು. ನಿಮ್ಮ ಕತ್ತರಿ ಗೀರು ಹೊಳೆದದ್ದರಲ್ಲಿಯೇ ಪರಿಹಾರವೂ ಇದೆ: ಹಾಳೆಯೊಳಗೆ ಟೈಟೇನಿಯಂ ಡೈಆಕ್ಸೈಡ್ ಅಥವಾ ಬೇರಿಯಂ ಸಲ್ಫೇಟಿನ ನವಿರಾದ ಪುಡಿಯನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿದರೆ, ಅಥವಾ ಎರಕದ ಅಚ್ಚಿನ ಒಂದು ಮುಖವನ್ನು ತರಿಯಾಗಿಸಿದರೆ, ಸಿಕ್ಕಿಬಿದ್ದ ಬೆಳಕು ದಾರಿ ತಪ್ಪಿ ಮುಖದ ಮೂಲಕ ಹೊರಬರುತ್ತದೆ. ಹಾಲುಬಣ್ಣದ ಮುಚ್ಚಳ ಮಾಡುತ್ತಿದ್ದ ಚದುರಿಸುವ ಕೆಲಸವೂ ಇದರಿಂದಲೇ ಆಗುತ್ತದೆ.

ಇನ್ನು ಬಣ್ಣದ ವಿಚಾರ. ನೀವು ಬಳಸಿರುವುದು ಬಾಸ್ಫ್ ಕಂಪನಿಯ ಲ್ಯುಮೊಜೆನ್ ಎಫ್ ರೆಡ್ 305ರ ಜಾತಿಗೆ ಸೇರಿದ್ದಿರಬೇಕು. ಪೆರಿಲೀನ್ ಡೈಇಮೈಡ್ ಎಂಬ ಚಪ್ಪಟೆ ಅಣುವಿನ ನಡುವಿಗೆ ನಾಲ್ಕು ಫಿನಾಕ್ಸಿ ಗುಂಪುಗಳನ್ನು, ಎರಡು ತುದಿಗಳಿಗೆ ದಪ್ಪನಾದ ಡೈಐಸೊಪ್ರೊಪೈಲ್ ಫಿನೈಲ್ ಗುಂಪುಗಳನ್ನು ಜೋಡಿಸಿ ಇದನ್ನು ಕಟ್ಟಲಾಗಿದೆ. ಪೆರಿಲೀನ್ ಡೈಇಮೈಡ್‌ಗಳು 20ನೆಯ ಶತಮಾನದ ಆರಂಭದಿಂದಲೇ ಗೊತ್ತಿದ್ದು, ಮೊದಲಿಗೆ ಪೇಂಟ್‌ಗಳಲ್ಲಿ ಕರಗದ ವರ್ಣದ್ರವ್ಯಗಳಾಗಿ ಹೆಸರು ಮಾಡಿದವು. ಕರಗದ ಆ ಅಣುಗಳು ಒಂದರ ಮೇಲೊಂದು ಒತ್ತಾಗಿ ಪೇರಿಸಿಕೊಳ್ಳುತ್ತವೆ. ಪೇರಿಕೊಂಡಾಗ ಹೀರಿದ ಶಕ್ತಿ ಬೆಳಕಾಗದೆ ಶಾಖವಾಗಿ ಸೋರುತ್ತದೆ. ಸುತ್ತಲೂ ಕಟ್ಟಿದ ದಪ್ಪ ಗುಂಪುಗಳು ಅಣುಗಳನ್ನು ಒಂದಕ್ಕೊಂದು ಅಂಟಿಕೊಳ್ಳಲು ಬಿಡುವುದಿಲ್ಲ. ಹಾಗೆ ಬಿಡಿಬಿಡಿಯಾಗಿದ್ದಾಗ ರೆಡ್ 305 ಹೀರಿದ ಪ್ರತಿ ನೂರು ಫೋಟಾನ್‌ಗಳಿಗೆ ತೊಂಬತ್ತೈದಕ್ಕೂ ಹೆಚ್ಚನ್ನು ಬೆಳಕಾಗಿಯೇ ಮರಳಿಸುತ್ತದೆ. ಹೀರಿಕೆಯ ಮುಖ್ಯ ಶಿಖರ 575ರ ಸಮೀಪ, 445ರ ಸುತ್ತ ಇನ್ನೊಂದು ಚಿಕ್ಕ ಶಿಖರ, ಉತ್ಸರ್ಜನೆ 610ರ ಸುತ್ತ.

ಬಣ್ಣ ಎಷ್ಟು ಚೆನ್ನಾಗಿ ಹೊಳೆಯುತ್ತದೆ ಎಂಬುದು ಹೀಗೆ ಬಹುಮಟ್ಟಿಗೆ ಬಗೆಹರಿದ ಪ್ರಶ್ನೆ. ಈ ಕ್ಷೇತ್ರದ ಜಾಹೀರಾತುಗಳೂ ಅನೇಕ ಲೇಖನಗಳೂ ಕ್ವಾಂಟಂ ಇಳುವರಿಯ, ಅಂದರೆ ಹೀರಿದ ಫೋಟಾನ್‌ಗಳಲ್ಲಿ ಬೆಳಕಾಗಿ ಮರಳುವ ಪಾಲಿನ, ಸಂಖ್ಯೆಯಲ್ಲಿಯೇ ನಿಂತುಬಿಡುವುದನ್ನು ನೋಡಿ ನನಗೆ ಬೇಸರವಾಗುತ್ತದೆ. ಹೊಸ ಹಾಳೆಯ ಹೊಳಪು ಎಲ್ಲರಿಗೂ ಸಾಧ್ಯ. ಸುತ್ತಲಿನ ಪಾಲಿಮರ್ ಆ ಅಣುವನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರ ಮೇಲೆ ದೀಪದ ಆಯುಷ್ಯ ನಿಂತಿದೆ.

ಸಿಲಿಕೋನ್‌ನ ಗುಣಗಳು ದೀಪಕ್ಕೆ ಹೇಳಿ ಮಾಡಿಸಿದಂತಿವೆ. ಅದರ ಬೆನ್ನೆಲುಬಾದ ಸಿಲಿಕಾನ್–ಆಮ್ಲಜನಕ ಬಂಧ ಇಂಗಾಲ–ಇಂಗಾಲ ಬಂಧಕ್ಕಿಂತ ಗಟ್ಟಿಯಾದುದು; ನೀಲಿ ಬೆಳಕನ್ನು ಅದು ಹೀರುವುದಿಲ್ಲ; ಎಪಾಕ್ಸಿಯಂತೆ ಹಳದಿಗಟ್ಟುವುದಿಲ್ಲ; 150 ಡಿಗ್ರಿಯಲ್ಲಿಯೂ ಮೆತ್ತಗೆ, ಪಾರದರ್ಶಕವಾಗಿ ಉಳಿಯುತ್ತದೆ. ಆದರೆ ಬಣ್ಣಕ್ಕೆ ಅದು ಎರಡು ತೊಂದರೆಗಳನ್ನು ಒಡ್ಡುತ್ತದೆ. ಮೊದಲನೆಯದು ಕರಗುವಿಕೆ. ಮೀಥೈಲ್ ಸಿಲಿಕೋನ್ ಬಹಳ ಅಧ್ರುವೀಯ ವಸ್ತು. ಉಂಗುರಗಳಿಂದ ತುಂಬಿದ ಬಣ್ಣದ ಅಣುವಿಗೆ ಅದರೊಡನೆ ಒಗ್ಗಿಕೆಯಿಲ್ಲ. ಟಾಲ್ಯೂಯಿನ್‌ನಲ್ಲಿ ಕರಗಿಸಿ ಬೆರೆಸಿ, ದ್ರಾವಕವನ್ನು ನಿರ್ವಾತದಲ್ಲಿ ತೆಗೆದರೆ ಆ ಹೊತ್ತಿಗೆ ಹಾಳೆ ಸ್ವಚ್ಛವಾಗಿಯೇ ಕಾಣುತ್ತದೆ. ಬೆಚ್ಚಗಿನ ಹಾಳೆಯೊಳಗೆ ಸರಪಳಿಗಳು ಸದಾ ಅಲುಗಾಡುತ್ತಿರುವುದರಿಂದ ಅಣುಗಳು ಮೆಲ್ಲಗೆ ಸರಿದು ಒಂದುಗೂಡಿ ಚುಕ್ಕೆಚುಕ್ಕೆಯಾಗುತ್ತವೆ, ಇಲ್ಲವೇ ಮೇಲ್ಮೈಗೆ ಒಸರುತ್ತವೆ. ಇದನ್ನು ಪರೀಕ್ಷಿಸುವುದು ಸುಲಭ: ಬಣ್ಣದ ಹಾಳೆಯ ಮೇಲೆ ಬಣ್ಣವಿಲ್ಲದ ಸಿಲಿಕೋನ್ ಹಾಳೆಯನ್ನು ಒತ್ತಿ, 80 ಡಿಗ್ರಿಯ ಒಲೆಯಲ್ಲಿ ಒಂದು ವಾರ ಇಟ್ಟು, ಬಳಿಕ ಬಣ್ಣವಿಲ್ಲದ ಹಾಳೆಗೆ ನೀಲಿ ಟಾರ್ಚ್ ಹಿಡಿಯಿರಿ. ಅದು ಹೊಳೆದರೆ ನಿಮ್ಮ ಬಣ್ಣ ಮನೆ ಬಿಟ್ಟು ಹೊರಟಿದೆ ಎಂದೇ ಅರ್ಥ.

ಎರಡನೆಯದು ಆಮ್ಲಜನಕ. ಅದರ ಮಟ್ಟಿಗೆ ಸಿಲಿಕೋನ್ ಎಂದರೆ ಬಾಗಿಲೇ ಇಲ್ಲದ ಮನೆ. ಅಕ್ರಿಲಿಕ್‌ಗೆ ಹೋಲಿಸಿದರೆ ಮೀಥೈಲ್ ಸಿಲಿಕೋನ್ ಮೂಲಕ ಆಮ್ಲಜನಕ ಹಲವು ಸಾವಿರ ಪಟ್ಟು ಸರಾಗವಾಗಿ ಹಾದುಹೋಗುತ್ತದೆ. ಬೆಳಕು ಹೀರಿದ ಅಣು ಒಮ್ಮೊಮ್ಮೆ ಹೊಳೆಯುವ ಬದಲು ಟ್ರಿಪ್ಲೆಟ್ ಎಂಬ ದೀರ್ಘಕಾಲದ ಸ್ಥಿತಿಗೆ ಜಾರುತ್ತದೆ. ಅಲ್ಲಿ ಅದಕ್ಕೆ ಆಮ್ಲಜನಕ ಎದುರಾದರೆ ತನ್ನ ಶಕ್ತಿಯನ್ನು ಅದಕ್ಕೆ ಕೊಟ್ಟು ಸಿಂಗ್ಲೆಟ್ ಆಮ್ಲಜನಕವನ್ನು ಸೃಷ್ಟಿಸುತ್ತದೆ. ಆ ಚುರುಕಾದ ಆಮ್ಲಜನಕ ಹತ್ತಿರದ ಬಣ್ಣದ ಅಣುವಿನ ಮೇಲೆಯೇ ಎರಗಿ ಅದನ್ನು ನಿರ್ವರ್ಣಗೊಳಿಸುತ್ತದೆ. ಪೆರಿಲೀನ್ ಡೈಇಮೈಡ್‌ಗಳು ಟ್ರಿಪ್ಲೆಟ್‌ಗೆ ಜಾರುವುದು ತೀರ ಅಪರೂಪ. ಅವು ಉಳಿದ ಬಣ್ಣಗಳಿಗಿಂತ ಬಾಳಿಕೆ ಬರುವುದಕ್ಕೆ ಇದೊಂದು ದೊಡ್ಡ ಕಾರಣ.

ಪೀಣ್ಯದ ಕುಲುಮೆ

ಅಣುಬಂಧ ಮೇಡಂ ಅವರ ವಿವರಣೆಗೆ ಕಾರ್ಖಾನೆಯ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ. ನಾವು ಎಲ್‌ಇಡಿ ಮಾಡ್ಯೂಲುಗಳಿಗೆ ಸಿಲಿಕೋನ್ ಹೊಯ್ಯುವ ಕೆಲಸ ಮಾಡುತ್ತೇವೆ. ಪಾರದರ್ಶಕ ಸಿಲಿಕೋನ್‌ಗಳಲ್ಲಿ ಹೆಚ್ಚಿನವು ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವಂಥವು: ಒಂದು ಭಾಗದಲ್ಲಿರುವ ವೈನೈಲ್ ಗುಂಪುಗಳಿಗೆ ಇನ್ನೊಂದು ಭಾಗದ ಸಿಲಿಕಾನ್–ಹೈಡ್ರೋಜನ್ ಬಂಧಗಳು ಸೇರಿಕೊಂಡು ಬಲೆ ಹೆಣೆಯುತ್ತವೆ. ಅಮೈನ್, ಗಂಧಕ, ರಂಜಕ, ತವರ ಇವುಗಳಲ್ಲಿ ಯಾವುದು ಸೋಂಕಿದರೂ ಪ್ಲಾಟಿನಂ ಕೆಲಸ ನಿಲ್ಲಿಸುತ್ತದೆ.

ಹಸಿರು–ಹಳದಿಗೆಂದು ಕೂಮರಿನ್ 6 ಎಂಬ ಪ್ರತಿದೀಪ್ತ ಬಣ್ಣವನ್ನು ಬಳಸುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಆ ಅಣುವಿನಲ್ಲಿ ಅಮೈನ್ ಗುಂಪೂ ಇದೆ, ಗಂಧಕವಿರುವ ಉಂಗುರವೂ ಇದೆ. ಸಿಲಿಕೋನ್‌ನಲ್ಲಿ ಪ್ಲಾಟಿನಂ ಇರುವುದೇ ಹತ್ತು ಲಕ್ಷಕ್ಕೆ ಕೆಲವು ಭಾಗಗಳಿಂದ ಕೆಲವು ಹತ್ತು ಭಾಗಗಳಷ್ಟು. ಆದ್ದರಿಂದ ಹತ್ತು ಲಕ್ಷಕ್ಕೆ ನೂರು ಭಾಗ ಬಣ್ಣ ಹಾಕಿದರೂ, ಪ್ಲಾಟಿನಂ ಪರಮಾಣುಗಳಿಗಿಂತ ಬಣ್ಣದ ಅಣುಗಳೇ ಹೆಚ್ಚಾಗಬಹುದು. ಫಲಿತಾಂಶ ಒಲೆಯಿಂದ ಹೊರತೆಗೆದ ಕೂಡಲೇ ಬೆರಳಿಗೆ ತಿಳಿಯುತ್ತದೆ: ಹಾಳೆಯ ಮೇಲ್ಭಾಗ ಅಂಟಂಟಾಗಿ ಬೆರಳಚ್ಚು ಉಳಿಯುತ್ತದೆ, ಮಧ್ಯದಲ್ಲಿ ಒತ್ತಿದರೆ ತಳ ಜೆಲ್ಲಿಯಂತೆ ಅಲುಗುತ್ತದೆ. ಪೆರಿಲೀನ್ ಡೈಇಮೈಡ್‌ನಲ್ಲಿಯೂ ನೈಟ್ರೋಜನ್ ಇದೆ, ಆದರೆ ಅಕ್ಕಪಕ್ಕದ ಕಾರ್ಬೊನೈಲ್‌ಗಳು ಅದರ ಎಲೆಕ್ಟ್ರಾನ್ ಜೋಡಿಯನ್ನು ತಮ್ಮತ್ತ ಎಳೆದುಕೊಂಡಿರುವುದರಿಂದ ಅದು ಪ್ಲಾಟಿನಂಗೆ ಉಪದ್ರವ ಕೊಡುವುದಿಲ್ಲ.

ಬಣ್ಣವಲ್ಲದೆ ಇತರ ಮೂಲಗಳೂ ಇವೆ. ಗಂಧಕ ಸೇರಿಸಿ ಹದಗೊಳಿಸಿದ ರಬ್ಬರ್ ಕೈಗವಸು, ಬೆಸುಗೆ ಹಾಕಿದ ಬೋರ್ಡಿನ ಮೇಲೆ ಉಳಿದ ಫ್ಲಕ್ಸ್, ತವರದಿಂದ ಗಟ್ಟಿಯಾಗುವ ಬೇರೊಂದು ಸಿಲಿಕೋನ್ ಕಲಸಿದ ಅದೇ ಪಾತ್ರೆ, ಇವೆಲ್ಲವೂ ಇದೇ ಅಂಟನ್ನು ತಂದಿಡುತ್ತವೆ. ಪ್ರತಿ ಬಾರಿಯೂ ಬಣ್ಣವಿಲ್ಲದ ಒಂದು ತುಂಡನ್ನು ಅದೇ ಪಾತ್ರೆಯಿಂದ ಎರೆದು ಜೊತೆಗಿಡಿ. ಅದು ಗಟ್ಟಿಯಾಗಿ ಬಣ್ಣದ್ದು ಅಂಟಾದರೆ ದೋಷ ಬಣ್ಣದಲ್ಲಿದೆ. ಎರಡೂ ಅಂಟಾದರೆ ಮೇಜಿನ ಮೇಲೆ ಹುಡುಕಿ.

ಫಾಸ್ಫರ್ ಪುಡಿ

ನಾನು ಎಲ್‌ಇಡಿ ಪ್ಯಾಕೇಜಿಂಗ್, ಅಂದರೆ ಚಿಪ್ಪಿಗೆ ಫಾಸ್ಫರ್ ಮತ್ತು ಹೊದಿಕೆ ಕೂರಿಸುವ ಕ್ಷೇತ್ರದಲ್ಲಿ ಇರುವವನು. ಇಲ್ಲಿನ ಉತ್ಸಾಹವನ್ನು ಗೌರವಿಸುತ್ತಲೇ ಒಂದು ಆಕ್ಷೇಪ ಮುಂದಿಡುತ್ತೇನೆ: ಕೆಂಪಿನ ಕೊರತೆಯನ್ನು ಅಜೈವಿಕ ಫಾಸ್ಫರ್‌ಗಳು ಈಗಾಗಲೇ ನೀಗಿಸಿವೆ. ಯೂರೋಪಿಯಂ ಬೆರೆಸಿದ ನೈಟ್ರೈಡ್ ಫಾಸ್ಫರ್‌ಗಳು ಅಗಲವಾದ ಕೆಂಪನ್ನು ಕೊಡುತ್ತವೆ. ಮ್ಯಾಂಗನೀಸ್ ಬೆರೆಸಿದ ಪೊಟ್ಯಾಸಿಯಂ ಫ್ಲೋರೊಸಿಲಿಕೇಟ್, ಅಂದರೆ ಕೆಎಸ್‌ಎಫ್, 631 ನ್ಯಾನೊಮೀಟರ್ ಬಳಿ ಕೂದಲೆಳೆಯಷ್ಟು ಕಿರಿದಾದ ಕೆಂಪು ಗೆರೆಗಳನ್ನು ಕೊಡುತ್ತದೆ. ಸಿಆರ್‌ಐ 95ರ ಪಟ್ಟಿಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಸೀರೆ ಅಂಗಡಿಗೆ ನೇರವಾಗಿ ಅವನ್ನೇ ಹಾಕಬಾರದೇಕೆ?

ಸಾವಯವ ಬಣ್ಣಗಳ ಪರವಾಗಿ ಸಾಮಾನ್ಯವಾಗಿ ಹೇಳುವ ವಾದವೆಂದರೆ ಸೀರಿಯಂ, ಯೂರೋಪಿಯಂನಂಥ ವಿರಳ ಭೂಲೋಹಗಳ ಅವಲಂಬನೆ ತಪ್ಪುತ್ತದೆ ಎನ್ನುವುದು. 2010–11ರಲ್ಲಿ ಚೀನಾ ರಫ್ತು ಮಿತಿಯನ್ನು ಬಿಗಿಗೊಳಿಸಿದಾಗ ಬೆಲೆಗಳು ಮುಗಿಲು ಮುಟ್ಟಿದ್ದು ನಿಜ. ಆದರೆ ಹಳೆಯ ಟ್ಯೂಬ್‌ಲೈಟಿಗೆ ಹೋಲಿಸಿದರೆ ಒಂದು ಎಲ್‌ಇಡಿ ದೀಪದಲ್ಲಿರುವ ಫಾಸ್ಫರ್ ಬಹಳ ಕಡಿಮೆ. ಕೆಎಸ್‌ಎಫ್‌ನಲ್ಲಂತೂ ವಿರಳ ಭೂಲೋಹವೇ ಇಲ್ಲ. ಆ ವಾದದ ಮೇಲೆ ಸಾವಯವ ಬಣ್ಣದ ಮೊಕದ್ದಮೆ ನಿಲ್ಲುವುದಿಲ್ಲ. ಇನ್ನೊಂದು ಕಡೆ, ಅಜೈವಿಕ ಹರಳು ಕೋಟಿಗಟ್ಟಲೆ ಸಲ ಬೆಳಗಿದರೂ ಸವೆಯದು, ಸಾವಯವ ಅಣುವಿಗೆ ಸಾವಿದೆ. ಇಲ್ಲಿ ಯಾರಾದರೂ ಸಂಖ್ಯೆಯಲ್ಲಿ ಮಾತನಾಡಬಲ್ಲಿರಾ?

ಅಣುಬಂಧ

ಸಂಖ್ಯೆಯಲ್ಲಿಯೇ ಮಾತನಾಡೋಣ. ಬೆಳಕಿನಂಗಡಿಯವರ ಹಾಳೆಯನ್ನೇ ತೆಗೆದುಕೊಳ್ಳುತ್ತೇನೆ.

ಹಾಳೆಯ ವಿಸ್ತೀರ್ಣ 40 ಚದರ ಸೆಂಟಿಮೀಟರ್, ದಪ್ಪ 1 ಮಿಲಿಮೀಟರ್ ಎಂದುಕೊಂಡರೆ ಸಿಲಿಕೋನ್ ಸುಮಾರು 4 ಗ್ರಾಂ. ಹತ್ತು ಲಕ್ಷಕ್ಕೆ ನೂರು ಭಾಗದಂತೆ ಬೆರೆಸಿದರೆ ಬಣ್ಣ 0.4 ಮಿಲಿಗ್ರಾಂ. ಇಷ್ಟು ಸ್ವಲ್ಪವೇ ಸಾಕೇ ಎಂದು ಅನುಮಾನ ಬೇಡ: ಈ ಪ್ರಮಾಣದಲ್ಲಿಯೇ ಹಾಳೆ 575ರ ಬಳಿಯ ಹಳದಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೀರುತ್ತದೆ. ರೆಡ್ 305ರ ಅಣುತೂಕ ಸುಮಾರು 1079. ಅಂದರೆ ಹಾಳೆಯಲ್ಲಿರುವ ಅಣುಗಳು ಸುಮಾರು 22 ಕೋಟಿ ಕೋಟಿಯ ನೂರು ಪಟ್ಟು, ವಿಜ್ಞಾನದ ಬರವಣಿಗೆಯಲ್ಲಿ 2.2 × 10¹⁷.

ಈ ಹಾಳೆ ಒಟ್ಟು 1 ವ್ಯಾಟ್ ಬೆಳಕನ್ನು ಹೀರುತ್ತದೆ ಎಂದಿಟ್ಟುಕೊಳ್ಳಿ. ನೀಲಿ ಹಳದಿ ಎರಡನ್ನೂ ಸೇರಿಸಿ ಸರಾಸರಿ ಹಿಡಿದರೆ ಅದು ಸೆಕೆಂಡಿಗೆ ಸುಮಾರು 2.6 × 10¹⁸ ಫೋಟಾನ್‌ಗಳು. ಪ್ರತಿ ಅಣುವಿನ ಪಾಲಿಗೆ ಸೆಕೆಂಡಿಗೆ ಹನ್ನೆರಡು. ದೀಪಕ್ಕೆ 25,000 ಗಂಟೆಯ ಆಯುಷ್ಯ ಬೇಕೆಂದರೆ ಅದು 9 ಕೋಟಿ ಸೆಕೆಂಡು, ಅಂದರೆ ಪ್ರತಿ ಅಣುವೂ ತನ್ನ ಜೀವಮಾನದಲ್ಲಿ ನೂರು ಕೋಟಿಗೂ ಮೀರಿ ಸಲ ಬೆಳಕು ಹೀರಿ ಹೊರಬಿಡಬೇಕು. ಅಷ್ಟಾದ ಮೇಲೂ 70 ಶೇಕಡ ಅಣುಗಳು ಉಳಿದಿರಬೇಕಾದರೆ, ಸುಮಾರು 300 ಕೋಟಿ ಹೀರಿಕೆಗಳಿಗೆ ಒಂದು ಸಾವಿಗಿಂತ ಹೆಚ್ಚು ಆಗಕೂಡದು. ರೋಡಮೀನ್ ತರಹದ ಸಾಧಾರಣ ಲೇಸರ್ ಬಣ್ಣಗಳು ಗಾಳಿ ಬೆರೆತ ನೀರಿನಲ್ಲಿ ಹತ್ತು ಲಕ್ಷದ ಆಸುಪಾಸಿನಲ್ಲಿಯೇ ಸಾಯುತ್ತವೆ. ಬೇಕಾಗಿರುವುದು ಅದರ ಸಾವಿರಾರು ಪಟ್ಟು.

ಫಾಸ್ಫರ್ ಪುಡಿಯವರ ಆಕ್ಷೇಪದ ತೂಕ ಈ ಲೆಕ್ಕದಲ್ಲಿ ಕಾಣುತ್ತದೆ. ಜೊತೆಗೆ ದಾರಿಯೂ ಕಾಣುತ್ತದೆ. ಇದೇ ಬಣ್ಣವನ್ನು ಚಿಪ್ಪಿನ ತಲೆಯ ಮೇಲೆಯೇ ಹಾಕಿದರೆ ಬೆಳಕಿನ ಸಾಂದ್ರತೆ ಸುಮಾರು ಸಾವಿರ ಪಟ್ಟು ಏರುತ್ತದೆ, ಉಷ್ಣತೆ 100 ಡಿಗ್ರಿ ದಾಟುತ್ತದೆ. ಅಲ್ಲಿ ಸಾವಯವ ಬಣ್ಣಕ್ಕೆ ಉಳಿಗಾಲವಿಲ್ಲ. ದೂರದ ಹಾಳೆಯಲ್ಲಿ ವಿಸ್ತೀರ್ಣವನ್ನು ಇಮ್ಮಡಿ ಮಾಡಿದರೆ ಪ್ರತಿ ಅಣುವಿನ ಹೊರೆ ಅರ್ಧವಾಗುತ್ತದೆ. ಫಾಸ್ಫರನ್ನು ಚಿಪ್ಪಿನಿಂದ ದೂರ ಇಡುವ ವಿನ್ಯಾಸ ಹೊಸದೇನಲ್ಲ. 2011ರಲ್ಲಿ ಅಮೆರಿಕದ ಎಲ್ ಪ್ರೈಜ್ ಎಂಬ ದೀಪಗಳ ಸ್ಪರ್ಧೆಯನ್ನು ಗೆದ್ದ ಫಿಲಿಪ್ಸ್ ಬಲ್ಬಿನ ಹಳದಿ ಹೊದಿಕೆ ಅದೇ ಬಗೆಯದು, ಅದರಲ್ಲಿದ್ದದ್ದು ಅಜೈವಿಕ ಫಾಸ್ಫರ್.

ಆಮ್ಲಜನಕವನ್ನು ತಡೆಯಲು ಫಿನೈಲ್ ಸಿಲಿಕೋನ್ ಬಳಸಬಹುದು. ಅದರ ಮೂಲಕ ಆಮ್ಲಜನಕ ಹಾಯುವುದು ಗಮನಾರ್ಹವಾಗಿ ಕಡಿಮೆ, ಉಂಗುರಗಳಿರುವುದರಿಂದ ಬಣ್ಣವೂ ಅದರಲ್ಲಿ ಹೆಚ್ಚು ಕರಗುತ್ತದೆ. ಸೂಚ್ಯಂಕ 1.53ರ ಸುತ್ತ ಏರುವುದರಿಂದ ಹಾಳೆಯೊಳಗೆ ಸಿಕ್ಕಿಬೀಳುವ ಬೆಳಕು ಸುಮಾರು 76 ಶೇಕಡಕ್ಕೆ ಹೆಚ್ಚುತ್ತದೆ, ಆದ್ದರಿಂದ ಚದುರಿಸುವ ಪುಡಿ ಅನಿವಾರ್ಯ. ಅದಕ್ಕಿಂತ ಗಟ್ಟಿಯಾದ ತಡೆ ಗಾಜು: ಹಾಳೆಯನ್ನು ಎರಡು ತೆಳು ಗಾಜುಗಳ ನಡುವೆ ಹೊಯ್ದು ಅಂಚನ್ನು ಎಪಾಕ್ಸಿಯಿಂದ ಮುಚ್ಚುವುದು. ಮೂರನೆಯ ದಾರಿ ರಸಾಯನದ್ದು, ನನಗೆ ಬಹಳ ಪ್ರಿಯವಾದದ್ದು. ಬಣ್ಣದ ಇಮೈಡ್ ತುದಿಗೆ ಅಲ್ಲೈಲ್ ಗುಂಪೊಂದನ್ನು ಕಟ್ಟಿದರೆ, ಸಿಲಿಕೋನ್ ಗಟ್ಟಿಯಾಗುವ ಅದೇ ಪ್ಲಾಟಿನಂ ಕ್ರಿಯೆಯಲ್ಲಿ ಬಣ್ಣವೂ ಬಲೆಯ ಒಂದು ಗಂಟಾಗಿ ಸೇರಿಕೊಳ್ಳುತ್ತದೆ. ಆಮೇಲೆ ಅದು ಒಸರುವಂತಿಲ್ಲ, ಒಂದುಗೂಡಿ ಚುಕ್ಕೆಯಾಗುವಂತಿಲ್ಲ. ಆಮ್ಲಜನಕದ ಬಾಧೆಯನ್ನು ಇದು ತಪ್ಪಿಸದು, ಆದರೆ ಸಿಲಿಕೋನ್‌ನ ಮೊದಲನೆಯ ತೊಂದರೆಯನ್ನು ಬೇರುಸಹಿತ ಕೀಳುತ್ತದೆ.

ಪೀಣ್ಯದ ಕುಲುಮೆ

ಆಮ್ಲಜನಕವನ್ನು ತಡೆಯುವ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಇಡೀ ಪ್ರೊಫೈಲನ್ನು ಗಾಳಿಯಾಡದಂತೆ ಮುಚ್ಚಿಬಿಡಬೇಡಿ. ಮುಚ್ಚಿದ ದೀಪದೊಳಗೆ ಗ್ಯಾಸ್ಕೆಟ್, ಅಂಟು, ವಾರ್ನಿಷ್‌ಗಳಿಂದ ಹೊರಡುವ ಸಾವಯವ ಆವಿ ಚಿಪ್ಪಿನ ಮೇಲಿನ ಸಿಲಿಕೋನ್‌ನೊಳಗೆ ಇಳಿದು, ನೀಲಿ ಬೆಳಕು ಮತ್ತು ಶಾಖಕ್ಕೆ ಸಿಕ್ಕಿ ಕಂದಾಗುತ್ತದೆ. ಗಾಳಿ ಆಡುತ್ತಿದ್ದರೆ ಆಮ್ಲಜನಕವೇ ಆ ಕಲೆಯನ್ನು ಸುಟ್ಟು ತೆಗೆಯುತ್ತದೆ. ಹೊರಾಂಗಣದ ಒಂದು ಬಿಗಿಮುಚ್ಚಿದ ದೀಪದಲ್ಲಿ ಚಿಪ್ಪುಗಳ ನಡುಭಾಗ ಚಹಾ ಬಣ್ಣಕ್ಕೆ ತಿರುಗಿದ್ದನ್ನು ನಾನು ಲೆನ್ಸ್ ಹಿಡಿದು ನೋಡಿದ್ದೇನೆ. ಮುಚ್ಚಳ ತೆಗೆದು ಗಾಳಿಗೆ ಉರಿಸಿದ ಮೇಲೆ ಆ ಕಂದು ಬಹುಪಾಲು ಇಳಿಯಿತು. ಹೀಗಾಗಿ ಬಣ್ಣಕ್ಕೆ ಶತ್ರುವಾದ ಆಮ್ಲಜನಕ ಚಿಪ್ಪಿಗೆ ಬೇಕಾದದ್ದು. ಗಾಜಿನ ಕವಚ ಹಾಳೆಗೆ ಮಾತ್ರ ಇರಲಿ, ಪಟ್ಟಿ ಉಸಿರಾಡಲಿ.

ವರ್ಣಮಾಪಕ

ಬಹಳ ಒಳ್ಳೆಯ ಚರ್ಚೆ. ನಾನು ದೀಪಗಳ ಅಳತೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಬಾಳಿಕೆಯನ್ನು ಅಳೆಯುವ ಬಗೆಯ ಕುರಿತು ಒಂದು ಮುಖ್ಯ ಅಂಶ ಇನ್ನೂ ಬಂದಿಲ್ಲವೆನಿಸುತ್ತದೆ.

ಎಲ್‌ಇಡಿ ಉದ್ಯಮ ಆಯುಷ್ಯವನ್ನು ಎಲ್70ರಲ್ಲಿ ಹೇಳುತ್ತದೆ, ಅಂದರೆ ಲ್ಯೂಮೆನ್ (ಕಣ್ಣಿಗೆ ಕಾಣುವ ಬೆಳಕಿನ ಅಳತೆ) ಮೊದಲಿನ 70 ಶೇಕಡಕ್ಕೆ ಇಳಿಯುವವರೆಗಿನ ಕಾಲ. ಎಲ್‌ಎಂ-80 ವಿಧಾನದಲ್ಲಿ ಪ್ಯಾಕೇಜುಗಳನ್ನು ಸಾವಿರಾರು ಗಂಟೆ ಉರಿಸಿ, ಸಿಕ್ಕ ಅಂಕಗಳನ್ನು ಟಿಎಂ-21 ಸೂತ್ರದಿಂದ ಮುಂದಕ್ಕೆ ಚಾಚುತ್ತಾರೆ. ಸಾಕಷ್ಟು ಮಾದರಿಗಳಿದ್ದಾಗಲೂ ಪರೀಕ್ಷೆಯ ಅವಧಿಯ ಆರು ಪಟ್ಟಿಗಿಂತ ಹೆಚ್ಚು ಚಾಚುವಂತಿಲ್ಲ. ಫಾಸ್ಫರ್ ಮತ್ತು ಚಿಪ್ಪಿನ ಸವೆತಕ್ಕೆ ಈ ಕ್ರಮ ಸರಿ. ಕೆಂಪು ಬಣ್ಣದ ಹಾಳೆಗೆ ಇದು ದಾರಿ ತಪ್ಪಿಸುತ್ತದೆ.

ಏಕೆಂದರೆ ನಮ್ಮ ಕಣ್ಣಿನ ಸಂವೇದನೆ 555 ನ್ಯಾನೊಮೀಟರ್‌ನಲ್ಲಿ ಗರಿಷ್ಠ. ಅದನ್ನು 1 ಎಂದುಕೊಂಡರೆ 575ರಲ್ಲಿ ಅದು ಸುಮಾರು 0.91, 610ರಲ್ಲಿ 0.50, 650ರಲ್ಲಿ ಕೇವಲ 0.11. ನಿಮ್ಮ ಹಾಳೆ ಕಣ್ಣಿಗೆ ಬಹಳ ಪ್ರಕಾಶವಾಗಿ ಕಾಣುವ ಹಳದಿಯನ್ನು ಹೀರಿ, ಅಷ್ಟು ಪ್ರಕಾಶವಾಗಿ ಕಾಣದ ಕೆಂಪನ್ನು ಕೊಡುತ್ತದೆ. ಬಣ್ಣ ಸಾಯುತ್ತಾ ಹೋದಂತೆ ಹಳದಿ ಹೀರಲ್ಪಡದೆ ಹಾಗೆಯೇ ಹೊರಬರುವುದರಿಂದ ಲ್ಯೂಮೆನ್ ಇಳಿಯುವ ಬದಲು ಏರುತ್ತದೆ! ಎಲ್70 ಲೆಕ್ಕದಲ್ಲಿ ದೀಪ ದಿನೇ ದಿನೇ ಆರೋಗ್ಯವಂತವಾಗಿ ಕಾಣುತ್ತಿರುವಾಗ, ಸೆರಗಿನ ಕೆಂಪು ಮತ್ತೆ ಹಳೆಯ ಮಂಕಿಗೆ ಮರಳಿರುತ್ತದೆ. ಆದ್ದರಿಂದ ನೀವು ಲಕ್ಸ್ ಮೀಟರನ್ನು ನಂಬಬಾರದು. ರೋಹಿತಮಾಪಕದಿಂದ ಪೂರ್ತಿ ರೋಹಿತವನ್ನು ಪಡೆದು, ಆರ್9 ಅಂಕವನ್ನೂ ವರ್ಣ ನಿರ್ದೇಶಾಂಕಗಳ ಪಲ್ಲಟವನ್ನೂ ದಾಖಲಿಸಬೇಕು. ಬಣ್ಣವನ್ನು ಎರಡು ನಿರ್ದೇಶಾಂಕಗಳಿಂದ ಗುರುತಿಸುವ u′v′ ನಕ್ಷೆಯಲ್ಲಿ ಪಲ್ಲಟ 0.007 ದಾಟಿದರೆ ಅಕ್ಕಪಕ್ಕದ ಎರಡು ದೀಪಗಳ ವ್ಯತ್ಯಾಸ ಬರಿಗಣ್ಣಿಗೇ ಗೊತ್ತಾಗುತ್ತದೆ; ಒಂದು ಅಂಗಡಿಯ ಸಾಲು ದೀಪಗಳಲ್ಲಿ ಅದು ತೇಪೆ ಹಾಕಿದಂತೆ ಕಾಣುತ್ತದೆ.

ಫಾಸ್ಫರ್ ಪುಡಿ

ಲ್ಯೂಮೆನ್ ಏರುವ ಈ ಅಂಶ ನಿಜಕ್ಕೂ ಮುಖ್ಯವಾದದ್ದು. ಅಣುಬಂಧ ಅವರ ಲೆಕ್ಕವನ್ನೂ ಒಪ್ಪುತ್ತೇನೆ. ಹಾಗಿದ್ದರೆ ನನ್ನ ನಿಲುವನ್ನು ಹೀಗೆ ಹೇಳಬಹುದು: ಮುಚ್ಚಿ ಮಾರುವ, ಗಿರಾಕಿ ಬಿಚ್ಚಲಾಗದ ಬಲ್ಬಿನೊಳಗೆ ಈ ಬಣ್ಣಗಳನ್ನು ಹಾಕಬಾರದು. ಜಾರಿಸಿ ತೆಗೆದು ಬದಲಿಸಬಹುದಾದ ಹಾಳೆಯಾದರೆ ನನ್ನ ಅಭ್ಯಂತರವಿಲ್ಲ. ಸಣ್ಣ ಉತ್ಪಾದನಾ ಘಟಕಗಳಿಗೆ ಇದರಲ್ಲಿ ಒಂದು ಅನುಕೂಲವಿರುವುದನ್ನೂ ಒಪ್ಪಬೇಕು. ಕೆಎಸ್‌ಎಫ್ ತೇವಕ್ಕೆ ಕೆಡುವ ಪುಡಿ, ಅದನ್ನು ಪ್ಯಾಕೇಜಿನೊಳಗೆ ಕೂರಿಸಲು ದೊಡ್ಡ ಯಂತ್ರಸಾಲು ಬೇಕು. ಸಿಲಿಕೋನ್ ಹಾಳೆಯನ್ನು ನಿರ್ವಾತ ಪಾತ್ರೆ ಮತ್ತು ಒಂದು ಒಲೆ ಇರುವ ಯಾರಾದರೂ ಎರೆಯಬಹುದು, ಬಣ್ಣದ ಪ್ರಮಾಣವನ್ನು ಅಂಗಡಿಗೆ ತಕ್ಕಂತೆ ಹದಮಾಡಬಹುದು. ಕ್ಯಾಡ್ಮಿಯಂ ಇರುವ ಕ್ವಾಂಟಂ ಡಾಟ್‌ಗಳಂತೆ (ಬೆಳಕಿನ ಬಣ್ಣ ಬದಲಿಸುವ ಅತಿಸೂಕ್ಷ್ಮ ಹರಳುಗಳು) ವಿಷಲೋಹದ ನಿಯಮಗಳ ತೊಡಕೂ ಇಲ್ಲ.

ಆದರೂ ಅಂಗಡಿಯವರಿಗೆ ಸಿಆರ್‌ಐ 95ರ ಪಟ್ಟಿಯ ಬೆಲೆಯನ್ನೂ ತಿಳಿಸಿ, ಎರಡನ್ನೂ ಮುಂದಿಡಿ. ಅದು ನ್ಯಾಯ.

ಬೆಳಕಿನಂಗಡಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಚರ್ಚೆಯಿಂದ ನನ್ನ ಯೋಜನೆ ಗಟ್ಟಿಯಾಗಿದೆ. ಹೊಸದಾಗಿ ದೀಪ ಹಾಕಿಸುವ ಅಂಗಡಿಗಳಿಗೆ ಸಿಆರ್‌ಐ 95ರ ಪಟ್ಟಿಯನ್ನೇ ಸೂಚಿಸುತ್ತೇನೆ. ಈಗಾಗಲೇ ನೂರಾರು ಅಡಿ ಪಟ್ಟಿ ಹಾಕಿಸಿಕೊಂಡು, ಅದನ್ನೆಲ್ಲ ಕಿತ್ತು ಬಿಸಾಡಲು ಮನಸ್ಸಿಲ್ಲದ ಅಂಗಡಿಗಳಿಗೆ ಮಾತ್ರ ಈ ಹಾಳೆ. ಸೀರೆ ಬಿಚ್ಚಿ ತೋರಿಸುವ ಗದ್ದಿಗೆಯ ಮೇಲಿನ ಪ್ರೊಫೈಲ್‌ಗಳಿಗಷ್ಟೇ ಹಾಕಿದರೂ ಉದ್ದೇಶ ಈಡೇರುತ್ತದೆ.

ಅಲ್ಲೈಲ್ ಕಟ್ಟಿದ ಬಣ್ಣವನ್ನು ತಯಾರಿಸುವ ಸೌಲಭ್ಯ ನನ್ನಲ್ಲಿಲ್ಲ. ಆದ್ದರಿಂದ ಫಿನೈಲ್ ಸಿಲಿಕೋನ್‌ನಲ್ಲಿ ರೆಡ್ 305, ಸ್ವಲ್ಪ ಬೇರಿಯಂ ಸಲ್ಫೇಟ್, ಪಟ್ಟಿಯಿಂದ 2 ಸೆಂಟಿಮೀಟರ್ ದೂರ, ಪ್ರೊಫೈಲ್‌ನ ಎರಡು ತುದಿಗಳು ಗಾಳಿಗೆ ತೆರೆದಂತೆ. ರೋಹಿತಮಾಪಕಕ್ಕೆ ಧಾರವಾಡದಲ್ಲಿರುವ ಸ್ನೇಹಿತರ ಪ್ರಯೋಗಾಲಯವಿದೆ. ಪರೀಕ್ಷೆಗೆ ಎಷ್ಟು ಮಾದರಿಗಳನ್ನು, ಹೇಗೆ ಇಡಬೇಕು ಎಂಬುದನ್ನು ದಯವಿಟ್ಟು ತಿಳಿಸಿ. ಬೆಳಕನ್ನು ಹತ್ತು ಪಟ್ಟು ಹೆಚ್ಚಿಸಿ ಬೇಗ ಫಲಿತಾಂಶ ಪಡೆಯಬಹುದೇ?

ಅಣುಬಂಧ

ಹತ್ತು ಪಟ್ಟು ಬೆಳಕಿನಿಂದ ಬಂದ ಫಲಿತಾಂಶವನ್ನು ಹತ್ತರಿಂದ ಗುಣಿಸಿ ಆಯುಷ್ಯವೆಂದು ಹೇಳುವುದು ಅಪಾಯಕಾರಿ. ಹೆಚ್ಚು ಬೆಳಕು ಹಾಳೆಯನ್ನು ಬಿಸಿಮಾಡುತ್ತದೆ. ನೀಲಿ ಫೋಟಾನ್ ಕೆಂಪಾಗಿ ಹೊರಡುವಾಗ ಅದರ ಶಕ್ತಿಯ ಕಾಲುಭಾಗಕ್ಕಿಂತ ಹೆಚ್ಚು ಹಾಳೆಯಲ್ಲಿಯೇ ಶಾಖವಾಗಿ ಉಳಿಯುತ್ತದೆ, ಅದು ಬಣ್ಣ ಎಷ್ಟೇ ಉತ್ತಮವಾಗಿದ್ದರೂ ತಪ್ಪದು. ಮೇಲಾಗಿ ಗಾಜಿನ ನಡುವಿನ ಹಾಳೆಯಲ್ಲಿ ಇರುವಷ್ಟು ಆಮ್ಲಜನಕ ಬೇಗನೆ ಖರ್ಚಾಗಿ, ಬಣ್ಣ ಇರುವುದಕ್ಕಿಂತ ಗಟ್ಟಿಮುಟ್ಟಾದಂತೆ ತೋರಬಹುದು. ಒಂದು ಗುಂಪನ್ನು ಅಂಗಡಿಯ ಬೆಳಕಿನಲ್ಲಿಯೂ ಇನ್ನೊಂದನ್ನು ಮೂರು ಪಟ್ಟು ಬೆಳಕಿನಲ್ಲಿಯೂ ಇಟ್ಟು, ಹೀರಿದ ಒಟ್ಟು ಫೋಟಾನ್‌ಗಳ ಎದುರು ಎರಡರ ಕುಸಿತವನ್ನೂ ಒಂದೇ ನಕ್ಷೆಯಲ್ಲಿ ಎಳೆಯಿರಿ. ಎರಡು ಗೆರೆಗಳು ಒಂದರ ಮೇಲೊಂದು ಕೂತರೆ ಮಾತ್ರ ವೇಗದ ಪರೀಕ್ಷೆಯನ್ನು ನೆಚ್ಚಬಹುದು.

ಅಂಗಡಿಯ ಬೆಳಕಿನ ಗುಂಪಿನಲ್ಲಿ ಒಂದೇ ಎರಕದಿಂದ ಕತ್ತರಿಸಿದ ಮೂರು ಬಗೆಯ ತುಂಡುಗಳಿರಲಿ, ಪ್ರತಿಯೊಂದರಲ್ಲಿಯೂ ಮೂರೋ ನಾಲ್ಕೋ. ಮೊದಲನೆಯದು ಗಾಳಿಗೆ ತೆರೆದು ದೀಪದ ಮುಂದೆ, ಎರಡನೆಯದು ಗಾಜುಗಳ ನಡುವೆ ದೀಪದ ಮುಂದೆ, ಮೂರನೆಯದು ಹಾಳೆಯ ಮೇಲೆ ಅಳೆದ ಉಷ್ಣತೆಯಲ್ಲಿಯೇ ಕತ್ತಲೆಯಲ್ಲಿ. ತೆರೆದದ್ದು ಕುಸಿದು ಗಾಜಿನದ್ದು ಉಳಿದರೆ ಕೊಂದದ್ದು ಆಮ್ಲಜನಕ, ಆಗ ಗಾಜಿನ ಖರ್ಚು ಸಾರ್ಥಕ. ಕತ್ತಲೆಯ ತುಂಡಿನಲ್ಲಿಯೂ ಹೊಳಪು ಇಳಿದಿದ್ದರೆ ಬಣ್ಣ ಸತ್ತಿಲ್ಲ, ಒಂದುಗೂಡಿದೆ; ಸೂಕ್ಷ್ಮದರ್ಶಕದಲ್ಲಿ ಚುಕ್ಕೆಗಳು ಕಾಣುತ್ತವೆ, ಪ್ರಮಾಣವನ್ನು ಕಡಿಮೆ ಮಾಡಬೇಕು. ಮೂರೂ ಒಂದೇ ಸಮನೆ ನಿಂತರೆ ನಾಲ್ಕನೆಯ ತುಂಡೊಂದನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿ, ಮಧ್ಯಾಹ್ನದ ಬಿಸಿಲು ಬೀಳುವ ಜಾಗದಲ್ಲಿ ಇಡಿ. ಬೀದಿಗೆ ಮುಖ ಮಾಡಿದ ಪ್ರೊಫೈಲ್‌ಗಳಿಗೆ ದೀಪದ ಜೊತೆಗೆ ಸೂರ್ಯನ ಬೆಳಕೂ ತಟ್ಟುತ್ತದೆ, ಅದರಲ್ಲಿ ನಿಮ್ಮ ಎಲ್‌ಇಡಿಯಲ್ಲಿಲ್ಲದ ನೇರಳಾತೀತವೂ ಇದೆ. ಮೊದಲ ತಿಂಗಳ ರೋಹಿತಗಳು ಕೈಗೆ ಬಂದ ಕೂಡಲೇ ಇಲ್ಲಿ ಹಾಕಿ. ಆರ್9 ಮತ್ತು 575ರ ಬಳಿಯ ಹೀರಿಕೆ ಎರಡನ್ನೂ ಜೊತೆಯಾಗಿಯೇ ಕೊಡಿ.